ಒಂದೇ ಝಡ್‌ವಿಎಂ ಒಳಗಿನ ಗೆಸ್ಟ್‌ಗಳ ನಡುವೆ ಡೇಟಾ ಬೇಗ ಹಂಚುವುದು ಹೇಗೆ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಮೈನ್‌ಫ್ರೇಮ್ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಝಡ್‌ವಿಎಂ, ಅಂದರೆ ಒಂದು ಮೈನ್‌ಫ್ರೇಮ್ ಮೇಲೆ ಹಲವು ವರ್ಚುವಲ್ ಯಂತ್ರ ಓಡಿಸುವ ಸಿಸ್ಟಮ್, ಕೈಗೆ ಬಂದದ್ದು ಆರು ತಿಂಗಳ ಹಿಂದೆ. ಬೆಂಗಳೂರಿನಲ್ಲಿ ಕೂತು ದೂರದ ಮಷೀನ್ ನೋಡಿಕೊಳ್ಳುತ್ತೇನೆ. ನನಗೆ ಕಲಿಸಿದವರು ಬೇರೆ ಕಡೆ ಹೋದರು, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ನಮ್ಮಲ್ಲಿ ಒಂದು ಎಲ್‌ಪಾರ್ (ಮೈನ್‌ಫ್ರೇಮ್‌ನ ಒಂದು ಪಾಲು), ಅದರಲ್ಲಿ ಒಂದು ಝಡ್‌ವಿಎಂ. ಅದರ ಮೇಲೆ 6 ಲಿನಕ್ಸ್ ಗೆಸ್ಟ್‌ಗಳು, ಅಂದರೆ ವರ್ಚುವಲ್ ಯಂತ್ರಗಳು, ಪ್ರತಿಯೊಂದಕ್ಕೂ 4 ಜಿಬಿ ಮೆಮೊರಿ. ದಿನಾ ರಾತ್ರಿ ಒಂದು ಸಿಎಂಎಸ್ (ಝಡ್‌ವಿಎಂನದೇ ಚಿಕ್ಕ ಆಪರೇಟಿಂಗ್ ಸಿಸ್ಟಮ್) ಸರ್ವಿಸ್ ಮಷೀನ್ ದರಗಳ ಟೇಬಲ್ ಒಂದನ್ನು ತಯಾರಿಸುತ್ತದೆ, ಸುಮಾರು 200 ಎಂಬಿ. ಅದನ್ನು ಎಫ್‌ಟಿಪಿಯಲ್ಲಿ ವಿಸ್ವಿಚ್ (ಝಡ್‌ವಿಎಂ ಒಳಗಿನ ವರ್ಚುವಲ್ ನೆಟ್‌ವರ್ಕ್ ಸ್ವಿಚ್) ಮೂಲಕ ಆರೂ ಗೆಸ್ಟ್‌ಗಳಿಗೆ ಒಂದಾದ ಮೇಲೊಂದು ಕಳಿಸುತ್ತೇವೆ. ಮೊದಲ ಗೆಸ್ಟ್‌ಗೆ ಹೊಸ ದರ ಬಂದಿರುತ್ತದೆ, ಕೊನೆಯದು ಇನ್ನೂ ಹಳೇ ದರದಲ್ಲೇ ಲೆಕ್ಕ ಮಾಡುತ್ತಿರುತ್ತದೆ. ಬೆಳಿಗ್ಗೆ ಎರಡರ ಲೆಕ್ಕ ತಾಳೆ ಆಗುವುದಿಲ್ಲ. ಫೋನ್ ಬರುವುದು ನನಗೆ.

ಕಳಿಸುವವನೂ ಪಡೆಯುವವನೂ ಒಂದೇ ಯಂತ್ರದ ಒಂದೇ ಮೆಮೊರಿಯಲ್ಲಿ ಕೂತಿದ್ದಾರೆ. ಡೇಟಾ ಮಾತ್ರ ನೆಟ್‌ವರ್ಕ್ ಸುತ್ತಿ ಬರುತ್ತಿದೆ. ಇದಕ್ಕೆ ಹತ್ತಿರದ ದಾರಿ ಇರಲೇಬೇಕು ಅಲ್ವಾ?

ವಿಸ್ವಿಚ್ವಾಲಾ

ಹೈಪರ್‌ಸಾಕೆಟ್ ಹಾಕಿ, ಅದು ಯಂತ್ರದ ಒಳಗೇ ಇರುವ ನೆಟ್‌ವರ್ಕ್. ಐಕ್ಯೂಡಿ ಚಾನೆಲ್ ಒಂದು ಸಾಕು, ಕೇಬಲ್ ಬೇಡ, ಕಾರ್ಡ್ ಬೇಡ. ಡೇಟಾ ಮೆಮೊರಿಯಿಂದ ಮೆಮೊರಿಗೆ ಹೋಗುತ್ತದೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ) 56 ಕೆ ವರೆಗೂ ಇಡಬಹುದು. ನಿಮ್ಮ ಎಫ್‌ಟಿಪಿ ಸ್ಕ್ರಿಪ್ಟ್‌ನಲ್ಲಿ ಐಪಿ ವಿಳಾಸ ಮಾತ್ರ ಬದಲಾಗುತ್ತದೆ.

ಪೆಂಗ್ವಿನ್‌ಮನೆ

ಬೇರೆ ಎಲ್‌ಪಾರ್‌ಗೆ ಹೋಗಬೇಕಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. 2016ರಿಂದ ಎಸ್‌ಎಂಸಿ-ಡಿ ಕೂಡ ಇದೆ. ಅದು ಟಿಸಿಪಿ ಸಾಕೆಟ್ ಬಳಸಿ ಬರೆದ ಪ್ರೋಗ್ರಾಮನ್ನು ಮುಟ್ಟದೆ, ಡೇಟಾವನ್ನು ಐಎಸ್‌ಎಂ ಅನ್ನುವ ವರ್ಚುವಲ್ ಡಿವೈಸ್ ಮೂಲಕ ನೇರ ಇನ್ನೊಬ್ಬರ ಮೆಮೊರಿಗೆ ಇಳಿಸುತ್ತದೆ. ಆದರೆ ಇಲ್ಲಿ ಎಲ್ಲರೂ ಒಂದೇ ಝಡ್‌ವಿಎಂ ಒಳಗಿದ್ದಾರೆ. ಎಷ್ಟೇ ಬೇಗ ಕಳಿಸಿದರೂ 200 ಎಂಬಿಯನ್ನು ಆರು ಸಲ ಕಳಿಸಬೇಕು. ಅಂದರೆ 1200 ಎಂಬಿ ಓಡಾಡಬೇಕು. ಆಮೇಲೆ ಆರು ಗೆಸ್ಟ್‌ಗಳೂ ತಮ್ಮ ಡಿಸ್ಕ್‌ಗೆ ಬರೆದುಕೊಂಡು, ಮತ್ತೆ ಓದಿ, ತಮ್ಮ ತಮ್ಮ ಪೇಜ್ ಕ್ಯಾಶ್‌ನಲ್ಲಿ (ಡಿಸ್ಕ್‌ನಿಂದ ಓದಿದ್ದನ್ನು ಇಡುವ ಮೆಮೊರಿಯಲ್ಲಿ) ಒಂದೊಂದು ಪ್ರತಿ ಇಟ್ಟುಕೊಳ್ಳುತ್ತವೆ. ಒಂದೇ ಟೇಬಲ್, ಒಂದೇ ಯಂತ್ರದಲ್ಲಿ ಆರು ಕಡೆ.

ರಾತ್ರಿಪಾಳಿ ಅವರೇ, ಡಿಸಿಎಸ್‌ಎಸ್, ಅಂದರೆ ಗೆಸ್ಟ್‌ಗಳು ಹಂಚಿಕೊಳ್ಳುವ ಮೆಮೊರಿ ಸೆಗ್ಮೆಂಟ್, ಇದರ ಬಗ್ಗೆ ಓದಿದ್ದೀರಾ?

ರಾತ್ರಿಪಾಳಿ

ಹೆಸರು ಕೇಳಿದ್ದೇನೆ ಮೇಡಂ. ಕ್ವೆರಿ ಎನ್‌ಎಸ್‌ಎಸ್ ಕಮ್ಯಾಂಡ್ ಕೊಟ್ಟಾಗ ಪಟ್ಟಿಯಲ್ಲಿ ಸಾಲುಸಾಲಾಗಿ ಕಾಣುತ್ತವೆ. ಅವು ಯಾತಕ್ಕೆ ಇವೆ ಅಂತ ಯಾರೂ ಹೇಳಿಲ್ಲ. ಮುಟ್ಟಬೇಡ ಅಂತ ಮಾತ್ರ ಹೇಳಿದ್ದರು.

ಹಳೇ ಆಪರೇಟರ್

ನಾನು ಹೇಳುತ್ತೇನೆ ತಮ್ಮಾ. ನಿವೃತ್ತಿಯಾಗಿ ಕೆಲವು ವರ್ಷ ಆಯಿತು, ಆದರೆ ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ.

ಝಡ್‌ವಿಎಂನ ಪೂರ್ವಜ ವಿಎಂ/370 ಪ್ರಕಟವಾದದ್ದು 1972ರ ಆಗಸ್ಟ್ 2ರಂದು. ಅದಕ್ಕೂ ಮೊದಲು ಐಬಿಎಂನ ಕೇಂಬ್ರಿಜ್ ಕೇಂದ್ರದಲ್ಲಿ ಸಿಪಿ-40, ಸಿಪಿ-67 ಆಗಿದ್ದವು. ಆ ಸಿಸ್ಟಮ್‌ನ ದೊಡ್ಡತನವೇ ಗೋಡೆ. ಪ್ರತಿ ಬಳಕೆದಾರನಿಗೂ ತನ್ನದೇ ಒಂದು ಯಂತ್ರ ಇದೆ ಅನ್ನಿಸಬೇಕು, ಪಕ್ಕದವನ ಮೆಮೊರಿ ಕಾಣಬಾರದು. ಹಾಗಾದರೆ ಪಕ್ಕದವನಿಗೆ ಒಂದು ಫೈಲ್ ಕೊಡುವುದು ಹೇಗೆ? ಕಾರ್ಡ್ ಪಂಚ್ ಮಾಡಬೇಕು. ನಿಜವಾದ ಕಾರ್ಡ್ ಅಲ್ಲ. ನಿನ್ನ ವರ್ಚುವಲ್ ಪಂಚ್ 00ಡಿ, ಅವನ ವರ್ಚುವಲ್ ರೀಡರ್ 00ಸಿ. 80 ಕಾಲಂನ ಕಾರ್ಡ್‌ಗಳು ಸ್ಪೂಲ್ (ಸಿಸ್ಟಮ್ ಫೈಲ್ ಇಟ್ಟುಕೊಳ್ಳುವ ಡಿಸ್ಕ್ ಜಾಗ) ಮೂಲಕ ಆ ಕಡೆ ಹೋಗಿ ಬೀಳುತ್ತವೆ. ಇವತ್ತೂ ನೀನು ಸಿಎಂಎಸ್‌ನಲ್ಲಿ ಸೆಂಡ್‌ಫೈಲ್ ಕೊಟ್ಟರೆ ಒಳಗೆ ನಡೆಯುವುದು ಇದೇ ದಾರಿ.

ಆಮೇಲೆ ಗೋಡೆಯಲ್ಲಿ ಕಿಟಕಿ ಇಡಲು ಶುರು ಮಾಡಿದರು. ಗೆಸ್ಟ್‌ಗಳು ಪರಸ್ಪರ ಸಂದೇಶ ಕಳಿಸಲು ವಿಎಂಸಿಎಫ್ ಬಂತು, ಐಯುಸಿವಿ ಬಂತು. ಐಯುಸಿವಿಯಲ್ಲಿ ಒಬ್ಬ ಕನೆಕ್ಟ್ ಅನ್ನುತ್ತಾನೆ, ಇನ್ನೊಬ್ಬ ಅಕ್ಸೆಪ್ಟ್ ಅನ್ನುತ್ತಾನೆ. ಆಮೇಲೆ ಸೆಂಡ್, ರಿಸೀವ್, ರಿಪ್ಲೈ. ಝಡ್‌ವಿಎಂನ ತಿರುಳಾದ ಸಿಪಿ ತಾನೇ ಇವನ ಮೆಮೊರಿಯಿಂದ ಅವನ ಮೆಮೊರಿಗೆ ನಕಲು ಮಾಡಿ ಕೊಡುತ್ತದೆ. ಚಿಕ್ಕ ಮಾತಿಗೆ ಬಹಳ ಚೆನ್ನ. 8 ಬೈಟ್ ಆದರೆ ಬಫರ್ ಕೂಡ ಬೇಡ, ಪ್ಯಾರಾಮೀಟರ್ ಲಿಸ್ಟ್‌ನಲ್ಲೇ ಹೋಗುತ್ತದೆ. ಆದರೆ ಅದೂ ನಕಲೇ.

ಡಿಸಿಎಸ್‌ಎಸ್ ಬೇರೆ ಜಾತಿ. ಅಲ್ಲಿ ಏನೂ ಕಳಿಸುವುದಿಲ್ಲ. ಮೆಮೊರಿಯ ಒಂದು ತುಂಡಿಗೆ ಹೆಸರಿಟ್ಟು ಸ್ಪೂಲ್‌ನಲ್ಲಿ ಉಳಿಸಿಡುತ್ತೀಯ. ಯಾವ ಗೆಸ್ಟ್ ಆ ಹೆಸರು ಹೇಳಿ ಕೇಳುತ್ತದೋ ಅದರ ವಿಳಾಸದ ಜಾಗದಲ್ಲಿ ಆ ತುಂಡು ಕಾಣುತ್ತದೆ. ಹತ್ತು ಗೆಸ್ಟ್ ಕೇಳಿದರೂ ನಿಜವಾದ ಮೆಮೊರಿಯಲ್ಲಿ ಒಂದೇ ಪ್ರತಿ. ಊರ ಮಧ್ಯದ ಬಾವಿ ಇದ್ದ ಹಾಗೆ. ಮನೆಮನೆಗೆ ನೀರು ಹೊತ್ತು ಹಾಕುವ ಕೆಲಸವೇ ಇಲ್ಲ.

ವಿಸ್ವಿಚ್ವಾಲಾ

ಸರ್, ಬಾವಿಗೆ ಒಬ್ಬ ಏನಾದರೂ ಹಾಕಿದರೆ ಊರಿಗೆಲ್ಲ ತೊಂದರೆ. ಅದನ್ನೂ ಹೇಳಬೇಕು.

ಹಳೇ ಆಪರೇಟರ್

ಸರಿಯಾದ ಮಾತು. ಅದಕ್ಕೇ ಸೆಗ್ಮೆಂಟ್ ಮಾಡುವಾಗ ಪೇಜ್‌ಗಳ ಬಗೆ ಹೇಳಬೇಕು. ಎಸ್‌ಆರ್ ಅಂದರೆ ಎಲ್ಲರಿಗೂ ಓದಲು ಮಾತ್ರ. ಎಸ್‌ಡಬ್ಲ್ಯೂ ಅಂದರೆ ಎಲ್ಲರೂ ಓದಬಹುದು, ಎಲ್ಲರೂ ಬರೆಯಬಹುದು. ಇವನಿಗೆ ಬರೆಯುವ ಹಕ್ಕು, ಅವನಿಗೆ ಓದುವ ಹಕ್ಕು ಮಾತ್ರ ಅಂತ ಎಸ್‌ಡಬ್ಲ್ಯೂನಲ್ಲಿ ಭಾಗ ಮಾಡಲು ಆಗುವುದಿಲ್ಲ.

ಹಂಚಿಕೊಂಡು ಬರೆಯುವುದು ಅಂದರೆ ನನಗೆ ಈಗಲೂ ಭಯ. ಕಾರಣ ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ಕಡೆ ಎರಡು ಸಿಎಂಎಸ್ ಮಷೀನ್‌ಗಳು ಒಂದೇ ಮಿನಿಡಿಸ್ಕನ್ನು (ವರ್ಚುವಲ್ ಡಿಸ್ಕನ್ನು) ಎಲ್ಲರೂ ಬರೆಯಬಹುದಾದ ಎಂಡಬ್ಲ್ಯೂ ಮೋಡ್‌ನಲ್ಲಿ ಲಿಂಕ್ ಮಾಡಿಕೊಂಡಿದ್ದವು. ಸಿಎಂಎಸ್ ಒಂದು ಡಿಸ್ಕನ್ನು ಅಕ್ಸೆಸ್ ಮಾಡಿದಾಗ ಅದರ ಫೈಲ್ ಡೈರೆಕ್ಟರಿಯನ್ನು ತನ್ನ ಮೆಮೊರಿಗೆ ತಂದುಕೊಳ್ಳುತ್ತದೆ. ಆಮೇಲೆ ತಾನು ತಂದದ್ದೇ ಸತ್ಯ ಅಂದುಕೊಳ್ಳುತ್ತದೆ. ಒಂದು ಮಷೀನ್ ಹೊಸ ಫೈಲ್ ಬರೆಯಿತು. ಇನ್ನೊಂದಕ್ಕೆ ಗೊತ್ತೇ ಇಲ್ಲ, ಅದು ಖಾಲಿ ಅಂದುಕೊಂಡ ಬ್ಲಾಕ್‌ಗಳ ಮೇಲೆ ತನ್ನ ಫೈಲ್ ಬರೆದು, ತನ್ನ ಡೈರೆಕ್ಟರಿಯನ್ನು ಮೇಲೆ ಹೊದಿಸಿತು. ರಾತ್ರಿ ಎರಡು ಗಂಟೆಗೆ ಫೈಲ್‌ಲಿಸ್ಟ್ ಕೊಟ್ಟು ನೋಡುತ್ತೇನೆ, ಸಂಜೆ ಇದ್ದ ಫೈಲ್‌ಗಳು ಇಲ್ಲ. ಇರುವ ಒಂದನ್ನು ತೆರೆದರೆ ಅರ್ಧ ಒಂದರದ್ದು, ಅರ್ಧ ಇನ್ನೊಂದರದ್ದು. ಟೇಪ್ ತಂದು ಹಿಂದಿನ ದಿನದ್ದು ಹಾಕಿದೆವು. ಆ ದಿನದ ಕೆಲಸವನ್ನೆಲ್ಲ ಜನ ಮತ್ತೆ ಕೂತು ಮಾಡಿದರು. ಅವರ ಮುಖ ನನಗೆ ಇನ್ನೂ ನೆನಪಿದೆ.

ರೆಕ್ಸ್ ಹುಡುಗಿ

ಇದು ಓದಿ ಮೈ ಜುಂ ಅಂತು. ನಮ್ಮಲ್ಲಿ ಎರಡು ಮಷೀನ್‌ಗೆ ಎಂಡಬ್ಲ್ಯೂ ಲಿಂಕ್ ಇದೆ. ನಾಳೆ ಬೆಳಿಗ್ಗೆ ಮೊದಲು ಅದನ್ನೇ ನೋಡುತ್ತೇನೆ.

ಪೆಂಗ್ವಿನ್‌ಮನೆ

ನೋಡಿ, ದಯವಿಟ್ಟು. ಓದುವವರಿಗೆ ಓದಲು ಮಾತ್ರ ಬಿಡುವ ಆರ್‌ಆರ್ ಕೊಡಿ. ಅವರು ಹೊಸದು ಕಾಣಬೇಕಾದರೆ ಮತ್ತೆ ಅಕ್ಸೆಸ್ ಮಾಡಬೇಕು ಅಷ್ಟೆ. ತುಂಬ ಜನ ಬರೆಯಲೇಬೇಕು ಅಂದರೆ ಸಿಎಂಎಸ್‌ನ ಹಂಚಿಕೆಯ ಫೈಲ್ ಸಿಸ್ಟಮ್ ಆದ ಎಸ್‌ಎಫ್‌ಎಸ್‌ಗೆ ಹೋಗಿ, ಅಲ್ಲಿ ಸರ್ವರ್ ಬೀಗ ನೋಡಿಕೊಳ್ಳುತ್ತದೆ.

ರಾತ್ರಿಪಾಳಿ ಅವರೇ, ಮುಂದೆ ಹೋಗುವ ಮೊದಲು ಒಂದು ಪ್ರಶ್ನೆ. ನಿಮ್ಮ ಟೇಬಲ್ ದಿನಕ್ಕೆ ಎಷ್ಟು ಸಲ ಬದಲಾಗುತ್ತದೆ? ಲಿನಕ್ಸ್ ಕಡೆಯವರು ಅದಕ್ಕೆ ಬರೆಯುತ್ತಾರಾ?

ರಾತ್ರಿಪಾಳಿ

ರಾತ್ರಿ ಒಂದು ಸಲ. ಅಪರೂಪಕ್ಕೆ ಹಗಲು ಒಂದು ತಿದ್ದುಪಡಿ. ಲಿನಕ್ಸ್ ಕಡೆ ಬರೀ ಓದುತ್ತಾರೆ, ಯಾರೂ ಬರೆಯುವುದಿಲ್ಲ.

ಪೆಂಗ್ವಿನ್‌ಮನೆ

ಹಾಗಿದ್ದರೆ ನಿಮಗೆ ಎಸ್‌ಡಬ್ಲ್ಯೂ ಬೇಡವೇ ಬೇಡ. ಎಸ್‌ಆರ್ ಸಾಕು. ಬೀಗದ ತಲೆನೋವೇ ಇಲ್ಲ.

ಲಿನಕ್ಸ್‌ನಲ್ಲಿ ಡಿಸಿಎಸ್‌ಎಸ್‌ಬಿಎಲ್‌ಕೆ ಅಂತ ಒಂದು ಡ್ರೈವರ್ ಇದೆ. ಸೆಗ್ಮೆಂಟ್ ಹೆಸರನ್ನು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳಿರುವ ಡೈರೆಕ್ಟರಿಯಲ್ಲಿ) ಆ ಡ್ರೈವರ್‌ನ ಆಡ್ ಫೈಲ್‌ಗೆ ಬರೆದರೆ, ಸೆಗ್ಮೆಂಟ್ ಒಂದು ಬ್ಲಾಕ್ ಡಿವೈಸ್ ಆಗಿ ಕಾಣುತ್ತದೆ. ಅದರ ಮೇಲೆ ಮಾಮೂಲಿ ಫೈಲ್ ಸಿಸ್ಟಮ್ ಇಡಬಹುದು. ಮೌಂಟ್ ಮಾಡುವಾಗ ಡ್ಯಾಕ್ಸ್ ಆಪ್ಷನ್ ಮರೆಯಬೇಡಿ, ಹಳೇ ಕರ್ನಲ್‌ಗಳಲ್ಲಿ ಇದನ್ನೇ ಎಕ್ಸ್‌ಐಪಿ ಅನ್ನುತ್ತಿದ್ದರು. ಡ್ಯಾಕ್ಸ್ ಇಲ್ಲದಿದ್ದರೆ ಪ್ರತಿ ಗೆಸ್ಟ್ ಓದಿದ್ದನ್ನು ತನ್ನ ಪೇಜ್ ಕ್ಯಾಶ್‌ಗೆ ನಕಲು ಮಾಡಿಕೊಳ್ಳುತ್ತದೆ. ಹಂಚಿಕೊಂಡ ಮೆಮೊರಿಯ ಉಪಯೋಗವೇ ಹೋಯಿತು. ಡ್ಯಾಕ್ಸ್ ಇದ್ದರೆ ಪ್ರೋಗ್ರಾಮ್ ಫೈಲನ್ನು ಎಂಮ್ಯಾಪ್ ಮಾಡಿದಾಗ (ತನ್ನ ವಿಳಾಸದ ಜಾಗಕ್ಕೆ ಸೇರಿಸಿಕೊಂಡಾಗ) ಅದಕ್ಕೆ ಸಿಗುವುದು ನೇರವಾಗಿ ಸೆಗ್ಮೆಂಟ್‌ನ ಪೇಜ್.

ದಿನದ ಕೆಲಸ ಹೀಗೆ ಇಡಿ. ಒಂದು ಲಿನಕ್ಸ್ ಗೆಸ್ಟನ್ನು ಟೇಬಲ್ ಕಟ್ಟುವುದಕ್ಕೆ ಮೀಸಲಿಡಿ. ಅದಕ್ಕೆ ಸೆಗ್ಮೆಂಟ್ ಸೇವ್ ಮಾಡಲು ಬಿಡುವ ಕ್ಲಾಸ್ ಇ ಹಕ್ಕು ಬೇಕು. ಅದು ಸೆಗ್ಮೆಂಟನ್ನು ಎಕ್ಸ್‌ಕ್ಲೂಸಿವ್ ಆಗಿ ಲೋಡ್ ಮಾಡುತ್ತದೆ, ಅಂದರೆ ಶೇರ್ಡ್ ಅನ್ನುವ ಗುಣವನ್ನು 0 ಮಾಡುತ್ತೀರಿ. ಆಗ ಅದಕ್ಕೆ ಸಿಗುವುದು ಬರೆಯಬಹುದಾದ ಸ್ವಂತ ಪ್ರತಿ. ಹೊಸ ಟೇಬಲ್ ಅದಕ್ಕೆ ಹಾಕಿ, ಸೇವ್ ಗುಣಕ್ಕೆ 1 ಬರೆದು, ಅನ್‌ಮೌಂಟ್ ಮಾಡಿ. ಅದೇ ಹೆಸರಿನಲ್ಲಿ ಹೊಸ ಸೆಗ್ಮೆಂಟ್ ಸೇವ್ ಆಗುತ್ತದೆ. ಹಳೆಯದನ್ನು ಹಿಡಿದುಕೊಂಡವರು ಹಳೆಯದನ್ನೇ ಓದುತ್ತಿರುತ್ತಾರೆ. ಅವರು ಬಿಟ್ಟು ಮತ್ತೆ ಆಡ್ ಮಾಡಿದಾಗ ಹೊಸದು ಸಿಗುತ್ತದೆ. ಅರ್ಧ ಹಳೆಯದು ಅರ್ಧ ಹೊಸದು ಅನ್ನುವ ಸ್ಥಿತಿ ಯಾವತ್ತೂ ಬರುವುದಿಲ್ಲ.

ಹಳೇ ಆಪರೇಟರ್

ಹಳೆಯದು ಕ್ವೆರಿ ಎನ್‌ಎಸ್‌ಎಸ್‌ನಲ್ಲಿ ಕ್ಲಾಸ್ ಪಿ, ಅಂದರೆ ಅಳಿಸಲು ಕಾಯುತ್ತಿರುವುದು, ಅಂತ ಕಾಣುತ್ತದೆ. ಅದನ್ನು ಕಂಡು ಹೆದರಬೇಡ. ಕೊನೆಯವನು ಬಿಟ್ಟ ಕೂಡಲೇ ತಾನೇ ಹೋಗುತ್ತದೆ. ಸ್ಪೂಲ್‌ನಲ್ಲಿ ಎರಡು ಪ್ರತಿಗೆ ಜಾಗ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೋ. ನಿನ್ನ 200 ಎಂಬಿ ಟೇಬಲ್‌ಗೆ 256 ಎಂಬಿ ಸೆಗ್ಮೆಂಟ್ ಇಟ್ಟರೆ, 4 ಕೆ ಲೆಕ್ಕದಲ್ಲಿ 65,536 ಪೇಜ್.

ವಿಸ್ವಿಚ್ವಾಲಾ

ವಿ-ಡಿಸ್ಕ್ ಯಾಕಾಗಬಾರದು? ಅದೂ ಮೆಮೊರಿಯಲ್ಲೇ ಇರುತ್ತದೆ, ಹಂಚಿಕೊಳ್ಳಲೂ ಬಹುದು.

ಪೆಂಗ್ವಿನ್‌ಮನೆ

ಮೆಮೊರಿಯಲ್ಲಿದ್ದರೂ ಗೆಸ್ಟ್‌ಗೆ ಅದು ಡಿಸ್ಕೇ. ಐ/ಓ ಮಾಡಿಯೇ ಓದಬೇಕು, ಓದಿದ್ದು ಮತ್ತೆ ಅವರವರ ಕ್ಯಾಶ್‌ಗೆ ಹೋಗುತ್ತದೆ. ಸ್ವಾಪ್‌ಗೆ ವಿ-ಡಿಸ್ಕ್ ಬಹಳ ಒಳ್ಳೆಯದು, ನಾನೂ ಹಾಗೇ ಬಳಸುತ್ತೇನೆ. ಇದಕ್ಕೆ ಅಲ್ಲ.

ರಾತ್ರಿಪಾಳಿ

ನಿನ್ನೆ ಟೆಸ್ಟ್ ಗೆಸ್ಟ್‌ನಲ್ಲಿ ಮಾಡಿ ನೋಡಿದೆ. ಮೊದಲ ಹೆಜ್ಜೆಗೇ ಸಿಕ್ಕಿಕೊಂಡೆ.

1 ಜಿಬಿ ವಿಳಾಸದಿಂದ 256 ಎಂಬಿ ಅಂತ ಲೆಕ್ಕ ಹಾಕಿದೆ. ಸೆಗ್ಮೆಂಟ್ ಗೊತ್ತುಮಾಡುವ ಡೆಫ್‌ಸೆಗ್ ಕಮ್ಯಾಂಡ್‌ಗೆ ಪೇಜ್ ಸಂಖ್ಯೆ ಹೆಕ್ಸ್‌ನಲ್ಲಿ ಕೊಡಬೇಕು, ಹಾಗಾಗಿ 40000ದಿಂದ 4ಎಫ್‌ಎಫ್‌ಎಫ್‌ಎಫ್ ವರೆಗೆ, ಬಗೆ ಎಸ್‌ಆರ್. ಸಿಎಂಎಸ್‌ನಿಂದ ಅದನ್ನು ಉಳಿಸುವ ಸೇವ್‌ಸೆಗ್ ಕೂಡ ಆಯಿತು. ಲಿನಕ್ಸ್‌ನಲ್ಲಿ ಆಡ್ ಮಾಡಿದರೆ ಲೋಡ್ ಆಗುವುದಿಲ್ಲ, ಗೆಸ್ಟ್‌ನ ಮೆಮೊರಿ ಮೇಲೆ ಬೀಳುತ್ತಿದೆ ಅನ್ನುತ್ತದೆ. ಇಡೀ ರಾತ್ರಿ ಕೂತೆ.

ಪೆಂಗ್ವಿನ್‌ಮನೆ

ಇದು ಎಲ್ಲರಿಗೂ ಒಂದು ಸಲ ಆಗುತ್ತದೆ, ಬೇಜಾರಾಗಬೇಡಿ. ನಿಮ್ಮ ಗೆಸ್ಟ್‌ಗೆ 4 ಜಿಬಿ ಇದೆ, ಅಂದರೆ 0ಯಿಂದ 4 ಜಿಬಿವರೆಗಿನ ವಿಳಾಸವೆಲ್ಲ ಅದರ ಸ್ವಂತ ಮೆಮೊರಿ. ಸೆಗ್ಮೆಂಟ್ 1 ಜಿಬಿಯಲ್ಲಿ ಕೂರಬೇಕು. ಮನೆ ತುಂಬ ಸಾಮಾನಿದೆ, ಹೊಸ ಬೀರು ಇಡುವುದೆಲ್ಲಿ?

ಮಧ್ಯದಲ್ಲಿ ಒಂದು ಜಾಗ ಖಾಲಿ ಬಿಡಬೇಕು. ಡಿಫೈನ್ ಸ್ಟೋರೇಜ್ ಕಾನ್ಫಿಗ್ ಅಂತ ಸಿಪಿ ಕಮ್ಯಾಂಡ್ ಇದೆ. 0ಯಿಂದ 1 ಜಿಬಿ, ಆಮೇಲೆ 2 ಜಿಬಿಯಿಂದ ಇನ್ನು 3 ಜಿಬಿ ಅಂತ ಕೊಡಿ. ಒಟ್ಟು 4 ಜಿಬಿ ಹಾಗೇ ಇರುತ್ತದೆ, 1ರಿಂದ 2 ಜಿಬಿ ನಡುವೆ ತೂತು. ಸೆಗ್ಮೆಂಟ್ ಅಲ್ಲಿ ಕೂರುತ್ತದೆ. ಇದನ್ನು ಲಿನಕ್ಸ್ ಐಪಿಎಲ್ (ಬೂಟ್) ಮಾಡುವ ಮೊದಲೇ ಕೊಡಬೇಕು. ಓಡುತ್ತಿರುವ ಗೆಸ್ಟ್‌ನಲ್ಲಿ ಕೊಟ್ಟರೆ ಅದರ ಮೆಮೊರಿ ಎಲ್ಲ ಅಳಿಸಿಹೋಗುತ್ತದೆ, ದಯವಿಟ್ಟು ನೆನಪಿರಲಿ.

   

ರಾತ್ರಿಪಾಳಿ

ಬಂತು! ತೂತು ಮಾಡಿ ಐಪಿಎಲ್ ಮಾಡಿದೆ, ಆಡ್ ಕೊಟ್ಟ ತಕ್ಷಣ ಡಿವೈಸ್ ಕಂಡಿತು. ಒಂದು ಗೆಸ್ಟ್‌ನಲ್ಲಿ ಕಟ್ಟಿ ಸೇವ್ ಮಾಡಿದ ಫೈಲ್ ಇನ್ನೊಂದು ಗೆಸ್ಟ್‌ನಲ್ಲಿ ಎಲ್‌ಎಸ್ ಕೊಟ್ಟಾಗ ಕಾಣಿಸಿತು. ಎರಡೂ ಕಡೆ ಚೆಕ್‌ಸಮ್ ತೆಗೆದು ಅಕ್ಕಪಕ್ಕ ಇಟ್ಟು ಓದಿದೆ, ಅಕ್ಷರ ಅಕ್ಷರ ಒಂದೇ. ನಡುವೆ ಯಾವ ನೆಟ್‌ವರ್ಕೂ ಇಲ್ಲ. ನನಗೆ ಆದ ಸಂತೋಷ ಇಲ್ಲಿ ಬಿಟ್ಟರೆ ಇನ್ನೆಲ್ಲಿ ಹೇಳಲಿ.

ಈಗ ಎರಡು ಪ್ರಶ್ನೆ. ಒಂದು, ಹೊಸ ಟೇಬಲ್ ಬಂದಿದೆ ಅಂತ ಆರು ಗೆಸ್ಟ್‌ಗೆ ಹೇಳುವುದು ಹೇಗೆ? ಸದ್ಯ ನಿಮಿಷಕ್ಕೊಮ್ಮೆ ನೋಡುವ ಸ್ಕ್ರಿಪ್ಟ್ ಹಾಕಿದ್ದೇನೆ. ಎರಡು, ಹಳೆಯದನ್ನು ಬಿಡಲು ಹೋದರೆ ಅನ್‌ಮೌಂಟ್ ಆಗುವುದಿಲ್ಲ, ಅಪ್ಲಿಕೇಶನ್ ಫೈಲ್ ತೆರೆದಿಟ್ಟಿರುತ್ತದೆ.

ಹಳೇ ಆಪರೇಟರ್

ಮೊದಲನೆಯದಕ್ಕೆ ಉತ್ತರ ಸಿಪಿಯ ಒಳಗೇ ಇದೆ. ಸಿಸ್ಟಮ್‌ನ ಕೆಲಸ ಅಳೆಯುವ ಮಾನಿಟರ್ ಹೇಗೆ ಕೆಲಸ ಮಾಡುತ್ತದೆ ನೋಡು. ಸಿಪಿ ತನ್ನ ಅಳತೆಗಳನ್ನೆಲ್ಲ ಯಾರಿಗೂ ಕಳಿಸುವುದಿಲ್ಲ. ಒಂದು ಸೆಗ್ಮೆಂಟ್‌ನಲ್ಲಿ ಬರೆದಿಡುತ್ತದೆ, ಸಾಮಾನ್ಯವಾಗಿ ಅದರ ಹೆಸರು ಮಾನ್‌ಡಿಸಿಎಸ್‌ಎಸ್. ಆಮೇಲೆ ಸ್ಟಾರ್‌ಮಾನಿಟರ್ ಅನ್ನುವ ಐಯುಸಿವಿ ಸೇವೆಯ ಮೂಲಕ, ಇಂಥ ಜಾಗದಲ್ಲಿ ಹೊಸ ದಾಖಲೆ ಇದೆ ಅಂತ ಒಂದು ಚಿಕ್ಕ ಸಂದೇಶ ಮಾತ್ರ ಕಳಿಸುತ್ತದೆ. ಓದುವವನು ಹೋಗಿ ಓದಿ, ಆಯಿತು ಅಂತ ರಿಪ್ಲೈ ಮಾಡುತ್ತಾನೆ. ಆಗ ಸಿಪಿ ಆ ಜಾಗವನ್ನು ಮತ್ತೆ ಬಳಸುತ್ತದೆ. ಆ ದಾಖಲೆಗಳನ್ನು ಓದಿ ಬರೆದಿಡುವ ಮಾನ್‌ರೈಟ್ ಪ್ರೋಗ್ರಾಮ್ ಮಾಡುವುದು ಇಷ್ಟೇ.

ಈ ರಚನೆ ಮೊದಲ ಸಲ ಅರ್ಥವಾದಾಗ ನಾನು ಎದ್ದು ಹೋಗಿ ಟೀ ಕುಡಿದು ಬಂದು ಮತ್ತೆ ಓದಿದೆ. ಅಷ್ಟು ಚೆನ್ನಾಗಿದೆ. ಭಾರದ್ದು ಕೂತ ಕಡೆಯೇ ಕೂತಿರಲಿ, ಓಡಾಡುವುದು ಬರೀ ಸುದ್ದಿ. ನೀನೂ ಹಾಗೇ ಮಾಡು.

ಪೆಂಗ್ವಿನ್‌ಮನೆ

ಅದಕ್ಕೆ ಐಯುಸಿವಿ ಪ್ರೋಗ್ರಾಮ್ ಬರೆಯುವ ಅಗತ್ಯವೂ ಇಲ್ಲ. ಲಿನಕ್ಸ್‌ನಲ್ಲಿ ಎಸ್‌ಎಂಎಸ್‌ಜಿ-ಐಯುಸಿವಿ-ಆಪ್ ಅಂತ ಒಂದು ಮಾಡ್ಯೂಲ್ ಇದೆ. ಆ ಗೆಸ್ಟ್‌ಗೆ ಎಪಿಪಿ ಅಂತ ಶುರುವಾಗುವ ಸಿಪಿ ಎಸ್‌ಎಂಎಸ್‌ಜಿ (ಗೆಸ್ಟ್‌ನಿಂದ ಗೆಸ್ಟ್‌ಗೆ ಹೋಗುವ ಚಿಕ್ಕ ಸಂದೇಶ) ಬಂದರೆ ಅದು ಯುಇವೆಂಟ್ (ಕರ್ನಲ್ ಕೊಡುವ ಸೂಚನೆ) ಎಬ್ಬಿಸುತ್ತದೆ. ನೀವು ಯುಡೆವ್ ರೂಲ್ ಒಂದು ಬರೆದಿಟ್ಟರೆ ನಿಮ್ಮ ಸ್ಕ್ರಿಪ್ಟ್ ಓಡುತ್ತದೆ. ಕಟ್ಟುವ ಗೆಸ್ಟ್ ಕೆಲಸ ಮುಗಿಸಿ, ಲಿನಕ್ಸ್ ಒಳಗಿಂದ ಸಿಪಿ ಕಮ್ಯಾಂಡ್ ಕೊಡುವ ವಿಎಂಸಿಪಿಯಿಂದ ಆರು ಎಸ್‌ಎಂಎಸ್‌ಜಿ ಕಳಿಸಲಿ. ಯಾರಿಂದ ಬಂದ ಸಂದೇಶ ಒಪ್ಪಬೇಕು ಅಂತ ಮಾಡ್ಯೂಲ್‌ಗೆ ಸೆಂಡರ್ ಹೆಸರು ಕೊಡಬಹುದು. ಖಂಡಿತ ಕೊಡಿ. ಇಲ್ಲದಿದ್ದರೆ ಯಾರು ಬೇಕಾದರೂ ಎಬ್ಬಿಸಬಹುದು.

ಎರಡನೆಯದಕ್ಕೆ, ಎರಡು ಸೆಗ್ಮೆಂಟ್ ಇಡಿ. ಬೇರೆ ಹೆಸರು, ಬೇರೆ ವಿಳಾಸ. ಒಂದು 40000ದಿಂದ, ಇನ್ನೊಂದು 50000ದಿಂದ. ನಿಮ್ಮ ತೂತು 1 ಜಿಬಿ ಇದೆ, ಎರಡೂ ಆರಾಮಾಗಿ ಕೂರುತ್ತವೆ. ಇವತ್ತು ಮೊದಲನೆಯದು, ನಾಳೆ ಎರಡನೆಯದು. ಸುದ್ದಿ ಬಂದಾಗ ಹೊಸದನ್ನು ಮೌಂಟ್ ಮಾಡಿ, ಅಪ್ಲಿಕೇಶನ್ ನೋಡುವ ಸಿಮ್‌ಲಿಂಕನ್ನು ಅದರ ಕಡೆ ತಿರುಗಿಸಿ. ಹಳೆಯದು ತೆರೆದಿಟ್ಟವರು ಮುಗಿಸಿದ ಮೇಲೆ ಅನ್‌ಮೌಂಟ್ ಮಾಡಿ. ಅವಸರ ಏನೂ ಇಲ್ಲ, ಮುಂದಿನ ಸರದಿಗೆ ಇಡೀ ಒಂದು ದಿನ ಇದೆ.

ರೆಕ್ಸ್ ಹುಡುಗಿ

ಎರಡನೇ ಸೆಗ್ಮೆಂಟ್ ಮೊದಲ ಸಲ ಸೇವ್ ಮಾಡುವಾಗ ಸಿಎಂಎಸ್ ಮಷೀನ್‌ನ ಮೆಮೊರಿ ಆ ವಿಳಾಸದವರೆಗೂ ಇರಬೇಕು. ಸೇವ್‌ಸೆಗ್ ಉಳಿಸುವುದು ಆ ಮಷೀನ್‌ನ ಸ್ವಂತ ಮೆಮೊರಿಯಲ್ಲಿ ಆ ವಿಳಾಸದಲ್ಲಿ ಏನಿದೆಯೋ ಅದನ್ನು. 5ಎಫ್‌ಎಫ್‌ಎಫ್‌ಎಫ್ ಮುಗಿಯುವುದು ಸರಿಯಾಗಿ 1536 ಎಂಬಿಗೆ. ನಾನು ಇದರಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ, ಹಾಗಾಗಿ ಹೇಳಿದೆ.

ವಿಸ್ವಿಚ್ವಾಲಾ

ನಾನು ಶುರುವಿನಲ್ಲಿ ಹೈಪರ್‌ಸಾಕೆಟ್ ಅಂದಿದ್ದೆ. ಇಷ್ಟು ಓದಿದ ಮೇಲೆ ಈ ಕೆಲಸಕ್ಕೆ ಡಿಸಿಎಸ್‌ಎಸ್ ಸರಿ ಅಂತ ಒಪ್ಪುತ್ತೇನೆ. ಒಂದು ಸಂದೇಹ ಮಾತ್ರ ಉಳಿದಿದೆ. ಟೇಬಲ್ ದಿನಕ್ಕೊಮ್ಮೆ ಅಲ್ಲ, ಸೆಕೆಂಡಿಗೆ ಹತ್ತು ಸಲ ಬದಲಾಗುತ್ತದೆ ಅಂದುಕೊಳ್ಳಿ. ಆಗ ಸೇವ್ ಮಾಡಿ, ಬಿಟ್ಟು, ಮತ್ತೆ ಲೋಡ್ ಮಾಡಿ ಅಂದರೆ ಆಗುತ್ತದಾ?

ಹಳೇ ಆಪರೇಟರ್

ಆಗುವುದಿಲ್ಲ. ಆಗ ಎಸ್‌ಡಬ್ಲ್ಯೂ ಬೇಕು, ಬೀಗವನ್ನು ನೀನೇ ಕಟ್ಟಬೇಕು. ಬರೆಯುವವನು ಒಬ್ಬನೇ ಇರುವ ಹಾಗೆ ಮಾಡು, ಅರ್ಧ ಕಷ್ಟ ಅಲ್ಲೇ ಕಡಿಮೆಯಾಗುತ್ತದೆ. ದಾಖಲೆಯ ತಲೆಯಲ್ಲಿ ಒಂದು ಸಂಖ್ಯೆ ಇಡು. ಬರೆಯಲು ಶುರು ಮಾಡುವಾಗ ಅದನ್ನು ಬೆಸ ಮಾಡು, ಮುಗಿದಾಗ ಸಮ ಮಾಡು. ಓದುವವನು ಮೊದಲು ಸಂಖ್ಯೆ ನೋಡಲಿ, ದಾಖಲೆ ಓದಲಿ, ಮತ್ತೆ ಸಂಖ್ಯೆ ನೋಡಲಿ. ಎರಡೂ ಸಲ ಒಂದೇ ಸಮ ಸಂಖ್ಯೆ ಇದ್ದರೆ ಓದಿದ್ದು ಸರಿ. ಇಲ್ಲದಿದ್ದರೆ ಮತ್ತೆ ಓದಲಿ. ಬರೆಯುವವರು ಇಬ್ಬರು ಆದರೆ ಕಂಪೇರ್ ಅಂಡ್ ಸ್ವಾಪ್ ಇನ್‌ಸ್ಟ್ರಕ್ಷನ್ ಇಲ್ಲದೆ ಮುಂದೆ ಹೋಗಬೇಡ. ಸೆಗ್ಮೆಂಟ್‌ಗೆ ಆರ್‌ಎಸ್‌ಟಿಡಿ (ನಿರ್ಬಂಧಿತ) ಹಾಕಿ, ಯಾರು ಲೋಡ್ ಮಾಡಬಹುದು ಅಂತ ಝಡ್‌ವಿಎಂ ಬಳಕೆದಾರರ ಡೈರೆಕ್ಟರಿಯಲ್ಲಿ ನೇಮ್‌ಸೇವ್ ಸಾಲಿನಿಂದ ಕಟ್ಟುಮಾಡು.

ಮತ್ತೆ ಒಂದು ಮಾತು. ಎಸ್‌ಡಬ್ಲ್ಯೂನಲ್ಲಿ ಬರೆದದ್ದು ಯಾರಾದರೂ ಒಬ್ಬರು ಹಿಡಿದಿರುವವರೆಗೆ ಮಾತ್ರ. ಕೊನೆಯವನು ಬಿಟ್ಟರೆ ಅದು ಹೋಯಿತು, ಮುಂದೆ ಬಂದವನಿಗೆ ಸ್ಪೂಲ್‌ನಲ್ಲಿ ಸೇವ್ ಆಗಿದ್ದ ಹಳೆಯದೇ ಕಾಣುತ್ತದೆ. ಅದಕ್ಕೆ ಏನೂ ಕೆಲಸ ಮಾಡದ ಒಂದು ಮಷೀನ್ ಸುಮ್ನೆ ಸೆಗ್ಮೆಂಟ್ ಹಿಡಿದುಕೊಂಡು ಕೂತಿರಲಿ.

ಪೆಂಗ್ವಿನ್‌ಮನೆ

ಎಸ್‌ಎಸ್‌ಐ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಹಲವು ಝಡ್‌ವಿಎಂಗಳು) ಇರುವವರಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಎಲ್ಲರೂ ಬರೆಯಬಹುದಾದ ಸೆಗ್ಮೆಂಟ್ ಹಿಡಿದ ಗೆಸ್ಟನ್ನು ಓಡುತ್ತಿರುವಾಗಲೇ ಇನ್ನೊಂದು ಸದಸ್ಯಕ್ಕೆ ಸ್ಥಳಾಂತರ ಮಾಡಲು ವಿಎಂರಿಲೊಕೇಟ್ ಒಪ್ಪುವುದಿಲ್ಲ. ಯೋಚಿಸಿದರೆ ಅದು ಸಹಜ ಅಲ್ವಾ? ಮೆಮೊರಿ ಇಲ್ಲಿ, ಗೆಸ್ಟ್ ಅಲ್ಲಿ.

ರಾತ್ರಿಪಾಳಿ

ಒಂದು ವಾರ ಆಯಿತು. ಈಗ ಆರೂ ಗೆಸ್ಟ್ ಹೊಸ ದಾರಿಯಲ್ಲಿವೆ. ಎಫ್‌ಟಿಪಿ ಒಂದೇ ಸಲ, ಸಿಎಂಎಸ್‌ನಿಂದ ಕಟ್ಟುವ ಗೆಸ್ಟ್‌ಗೆ. ಅಲ್ಲಿಂದ ಮುಂದೆ ಡೇಟಾ ಎಲ್ಲೂ ಹೋಗುವುದಿಲ್ಲ.

ನಿನ್ನೆ ರಾತ್ರಿ ಕನ್ಸೋಲ್ ಮುಂದೆ ಕೂತು ಪೂರ್ತಿ ನೋಡಿದೆ. ಸೇವ್ ಮುಗಿಯಿತು. ಆರು ಎಸ್‌ಎಂಎಸ್‌ಜಿ ಹೋದವು. ಆರು ಗೆಸ್ಟ್‌ಗಳ ಲಾಗ್ ಆರು ಕಿಟಕಿಯಲ್ಲಿ ತೆರೆದಿಟ್ಟಿದ್ದೆ. ಸಿಮ್‌ಲಿಂಕ್ ತಿರುಗಿದ ಸಾಲು ಆರೂ ಕಿಟಕಿಯಲ್ಲಿ ಒಟ್ಟಿಗೇ ಬಂತು, ಯಾವುದು ಮೊದಲು ಅಂತ ಕಣ್ಣಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆ ಲೆಕ್ಕದವರಿಂದ ಫೋನ್ ಬರಲಿಲ್ಲ.

ಒಂದು ಮಾತ್ರ ಅರ್ಥವಾಗಿಲ್ಲ. ಮಂಗಳವಾರದ ಸೆಗ್ಮೆಂಟ್ ಇನ್ನೂ ಕ್ಲಾಸ್ ಪಿಯಲ್ಲೇ ಇದೆ. ಐದು ಗೆಸ್ಟ್ ಬಿಟ್ಟಿವೆ.

ಪೆಂಗ್ವಿನ್‌ಮನೆ

ಆರನೆಯದರಲ್ಲಿ ಆ ಮೌಂಟ್ ಮೇಲೆ ಎಲ್‌ಎಸ್‌ಓಎಫ್ ಕೊಟ್ಟು ನೋಡಿ. ಯಾರೋ ಫೈಲ್ ಹಿಡಿದುಕೊಂಡೇ ಇದ್ದಾರೆ.

ರಾತ್ರಿಪಾಳಿ

ಸಿಕ್ಕಿತು ಮೇಡಂ. ಒಂದು ಹಳೇ ರಿಪೋರ್ಟ್ ಪ್ರೋಗ್ರಾಮ್, ಶುರುವಾದಾಗ ಟೇಬಲ್ ತೆರೆದದ್ದು ಮುಚ್ಚಿಯೇ ಇಲ್ಲ. ಅಂದರೆ ಇಷ್ಟು ದಿನವೂ ಅದು ಹಳೇ ದರದಲ್ಲೇ ರಿಪೋರ್ಟ್ ಕೊಡುತ್ತಿತ್ತು, ಎಫ್‌ಟಿಪಿ ಕಾಲದಲ್ಲೂ. ಅದನ್ನು ಬರೆದ ತಂಡಕ್ಕೆ ಈಗ ಮೇಲ್ ಹಾಕುತ್ತಿದ್ದೇನೆ. ಅದನ್ನು ನಿಲ್ಲಿಸಿ ಅನ್‌ಮೌಂಟ್ ಮಾಡಿ, ಸೆಗ್ಮೆಂಟ್ ರಿಮೂವ್ ಮಾಡಿ, ಮತ್ತೆ ಕ್ವೆರಿ ಎನ್‌ಎಸ್‌ಎಸ್ ಕೊಟ್ಟೆ. ಪಿ ಸಾಲು ಹೋಗಿದೆ.